ಹುಲ್ಲಿಗೆ ಬಿಟ್ಟ ನೀರು

೧೧ ಫೆಬ್ರವರಿ

ಗುಂಡಣ್ಣ,

ನಿನ್ನ ಅಕ್ಕ ಮತ್ತೆ ಕೆಲಸಕ್ಕೆ ಸೇರಿದ್ದಾಳೆ, ನಗಬೇಡ. ಶಾಲೆಯ ಡ್ರಿಲ್ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ಕೂತು, ಗೋಡೆಗೆ ಡ್ರಿಲ್ ಹೇಳಿಕೊಡುವ ಸ್ಥಿತಿಗೆ ಬಂದಿದ್ದೆ. ಪೇಟೆ ನಡುವೆ ಒಂದು ಪಾರ್ಕಿದೆಯಲ್ಲ, ಹೋದ ಸಲ ಬಂದಾಗ ನೀನು ‘ಇದೇನು ಪಾರ್ಕೋ ಕರವಸ್ತ್ರವೋ’ ಅಂದೆಯಲ್ಲ, ಅದನ್ನು ನೋಡಿಕೊಳ್ಳುವ ಕೆಲಸ. ಸುತ್ತಲಿನ ಅಂಗಡಿಯವರ ಸಂಘದವರು ಕರೆದು ಕೊಟ್ಟರು. ‘ಮೇಡಂ, ನಿಮ್ಮ ಸೀಟಿ ಇಡೀ ಊರಿಗೆ ಗೊತ್ತು’ ಅಂದರು. ಹೊಗಳಿದರೋ ಬೈದರೋ, ನಾನಂತೂ ಒಪ್ಪಿಕೊಂಡೆ.

ಚಿಕ್ಕದಾದರೂ ಚೊಕ್ಕ ಜಾಗ. ಒಂದು ಕಡೆ ಕಟಿಂಗ್ ಶಾಪು, ಜೆರಾಕ್ಸ್ ಅಂಗಡಿ, ಮೆಡಿಕಲ್ ಶಾಪು. ಇನ್ನೊಂದು ಕಡೆ ಬ್ಯಾಂಕು, ಅದರ ಮುಂದೆ ಬಸ್ ಸ್ಟಾಪು. ಮಧ್ಯೆ ಹುಲ್ಲು, ಬಣ್ಣ ಕಿತ್ತುಹೋದ ಬೆಂಚುಗಳು, ನೀರು ಬರದ ಒಂದು ಕಾರಂಜಿ. ಅದರೊಳಗೆ ಜನ ಬಸ್ ಟಿಕೆಟ್ಟು, ಕಡಲೆಕಾಯಿ ಸಿಪ್ಪೆ ಎಲ್ಲ ಹಾಕುತ್ತಿದ್ದರು. ಈಗ ಹಾಕಿದವರೇ ಎತ್ತುತ್ತಾರೆ, ಯಾಕೆಂದರೆ ನಾನು ಎದುರಿಗೇ ನಿಂತಿರುತ್ತೇನೆ.

ದೊಡ್ಡ ತಲೆನೋವೆಂದರೆ ಮಲಗುವವರು. ಬೆಳಗಾದರೆ ಸಾಕು, ಚೀಲ ತಲೆಗಿಟ್ಟುಕೊಂಡು ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದುಕೊಳ್ಳುತ್ತಾರೆ. ಅವರನ್ನು ನೋಡಿ ಗಿರಾಕಿಗಳು ಬರುವುದಿಲ್ಲ ಅಂತ ಸಂಘದವರ ಗೋಳು. ನಾನು ಬೈಯುವುದಿಲ್ಲ, ಮೈಕೈ ಮುಟ್ಟುವುದಿಲ್ಲ. ಸೀಟಿ ಊದುತ್ತೇನೆ, ಏಳದಿದ್ದರೆ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ ಹುಲ್ಲಿಗೆ ನೀರು ಬಿಡುತ್ತೇನೆ. ಹುಲ್ಲಿಗೆ ನೀರು ಹಾಕುವುದು ನನ್ನ ಕೆಲಸ ತಾನೆ? ಮಧ್ಯೆ ಯಾರಾದರೂ ಅಡ್ಡ ಬಂದರೆ ನಾನೇನು ಮಾಡಲಿ! ಈ ಉಪಾಯ ನನ್ನದೇ.

ನಿನ್ನ ವಿಷಯ ಎಲ್ಲರಿಗೂ ಹೇಳಿದ್ದೇನೆ. ಕಟಿಂಗ್ ಶಾಪಿನವನಂತೂ ‘ವಿಮಾ ಆಫೀಸಲ್ಲಿ ಮ್ಯಾನೇಜರ್ ಅಂದ್ರೆ ಸುಮ್ನೇನಾ?’ ಅಂತ ದಿನಾ ಕೇಳುತ್ತಾನೆ. ಫೋನು ಮಾಡಬೇಡ. ಇಷ್ಟು ವರ್ಷ ಸೀಟಿ ಊದಿ ಊದಿ ನನ್ನ ಕಿವಿ ಹೋಗಿದೆ, ಹಲೋ ಹಲೋ ಅನ್ನುವುದರಲ್ಲೇ ಮಾತು ಮುಗಿಯುತ್ತದೆ. ಕಾಗದವನ್ನೇ ಬರಿ.

ಬೆನ್ನು ನೇರ ಇಟ್ಟುಕೊಂಡು ಕೂರುವ ಅಭ್ಯಾಸ ಬಿಡಬೇಡ.
ಅಕ್ಕ


೩ ಮಾರ್ಚ್

ಅಕ್ಕ,

ನಿನ್ನ ಕಾಗದ ಓದಿ ನಗು ಬಂತು. ಆ ಪಾರ್ಕಿನ ಹುಲ್ಲಿಗೂ ಇನ್ನು ‘ಸಾವಧಾನ್, ವಿಶ್ರಾಮ್’ ಕಲಿಸಿಬಿಡುತ್ತೀಯ ಅನ್ನು.

ಇಲ್ಲಿ ಎಲ್ಲ ಎಂದಿನಂತೆಯೇ ನಡೆದಿದೆ. ಆಫೀಸಿನಲ್ಲಿ ಕೆಲಸ ಜಾಸ್ತಿ. ನನ್ನ ಹೆಂಡತಿಗೂ ಅಷ್ಟೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದಿನವಿಡೀ ನಿಂತು ನಿಂತು ಕಾಲು ಊದುತ್ತದೆ ಅನ್ನುತ್ತಾಳೆ.

ಒಂದು ಮಾತು ಕೇಳಲಾ? ಆ ಮಲಗುವವರು ನೀರು ಬಿದ್ದ ಮೇಲೆ ಎಲ್ಲಿಗೆ ಹೋಗುತ್ತಾರೆ? ಸುಮ್ಮನೆ ಕೇಳಿದೆ. ನಾನು ಊಟಕ್ಕೆ ಹೋಗಿ ಕೂರುವ ಪಾರ್ಕಿನಲ್ಲೂ ಅಂಥವರು ಇರುತ್ತಾರೆ. ಕೆಲವರ ಬಟ್ಟೆ ಚೆನ್ನಾಗೇ ಇರುತ್ತದೆ.

ನಿನ್ನ ಮನೆಯ ಮಹಡಿ ಕೋಣೆ ಖಾಲಿಯೇ ಇದೆಯಾ, ಯಾರಿಗಾದರೂ ಬಾಡಿಗೆಗೆ ಕೊಟ್ಟೆಯಾ?

ಗುಂಡಣ್ಣ


೨೬ ಏಪ್ರಿಲ್

ಗುಂಡಣ್ಣ,

ಕೋಣೆ ಖಾಲಿ ಇದೆ. ನಿನಗೇಕೋ ಅದು? ಮ್ಯಾನೇಜರ್ ಸಾಹೇಬರಿಗೆ ನನ್ನ ಸೋರುವ ಮಹಡಿ ಬೇಕಾಯಿತಾ?

ಮೊನ್ನೆ ನಡೆದದ್ದು ಹೇಳಲೇಬೇಕು, ನಕ್ಕು ನಕ್ಕು ಇನ್ನೂ ಹೊಟ್ಟೆ ನೋಯುತ್ತಿದೆ. ಬೆಳಗ್ಗೆ ಬ್ಯಾಂಕು ತೆರೆಯುವ ಹೊತ್ತು. ಒಬ್ಬ ಮಹಾಶಯ ಹುಲ್ಲಿನ ಮೇಲೆ ಮಲಗಿದ್ದ, ಮುಖದ ಮೇಲೆ ಪೇಪರು ಹರಡಿಕೊಂಡು. ಮೈ ನೋಡಿದರೆ ಸೌದೆ ಕಡ್ಡಿ. ಆದರೆ ಇಸ್ತ್ರಿ ಮಾಡಿದ ಪ್ಯಾಂಟು, ಫಳಫಳ ಹೊಳೆಯುವ ಶೂಗಳು! ವೇಷ ಆಫೀಸರದು, ಕೆಲಸ ಗೊರಕೆ ಹೊಡೆಯುವುದು. ಸೀಟಿ ಊದಿದೆ. ಅಲ್ಲಾಡಲಿಲ್ಲ. ಇರು ನಿನಗೆ ಅಂತ ಪೈಪು ತಂದು ಮೊದಲು ಶೂಗೆ ಬಿಟ್ಟೆ, ಆಮೇಲೆ ಹೊಟ್ಟೆಗೆ, ಆಮೇಲೆ ಪೇಪರಿಗೆ.

ಧಡಕ್ಕನೆ ಎದ್ದ ನೋಡು! ಒದ್ದೆ ಪೇಪರು ಮುಖಕ್ಕೆ ಅಂಟಿಕೊಂಡಿತ್ತು. ಅದನ್ನು ಕಿತ್ತು ಎಸೆಯುವುದು ಬಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೇ ಓಡಿದ. ಕಣ್ಣು ಕಾಣದೆ ದೀಪದ ಕಂಬಕ್ಕೆ ಡಿಕ್ಕಿ ಹೊಡೆದ. ಕಟಿಂಗ್ ಶಾಪಿನವನು ಗಿರಾಕಿಯ ಕೆನ್ನೆಯನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದು ಚಪ್ಪಾಳೆ ತಟ್ಟಿದ. ಜೆರಾಕ್ಸ್ ಅಂಗಡಿಯವಳು ಬಗ್ಗಿ ಬಗ್ಗಿ ನಕ್ಕಳು. ನಾನು ಹಿಂದಿನಿಂದ ಕೂಗಿದೆ, ‘ಸ್ನಾನ ಆಯ್ತಲ್ಲ, ಇನ್ನು ಹೋಗಿ ಕೆಲಸ ಹುಡುಕ್ಕೋ!’ ಬಸ್ ಸ್ಟಾಪಿನಲ್ಲಿದ್ದವರೆಲ್ಲ ಹೋ ಅಂದರು.

ಆ ದಿನ ಸಂಘದವರು ನನಗೆ ಟೀ ತರಿಸಿ ಕೊಟ್ಟರು. ನಿನ್ನ ಅಕ್ಕನಿಗೆ ವಯಸ್ಸಾಗಿದೆ ಅಂತ ಯಾರು ಹೇಳಿದ್ದು?

ನೀನು ಯಾವಾಗ ಬರುತ್ತೀಯ?
ಪೇಟೆಗೆ ಪೇಟೆಯೇ ಹೆದರುವ ನಿನ್ನ ಅಕ್ಕ


೩೦ ಮೇ

ಗುಂಡಣ್ಣ,

ತಿಂಗಳಾಯಿತು, ಉತ್ತರವಿಲ್ಲ. ಮೈ ಹುಷಾರಿಲ್ಲವಾ? ಗಂಡ ಹೆಂಡತಿ ಜಗಳವಾ? ಒಂದು ಸಾಲು ಬರೆದರೆ ನಿನ್ನ ಪೆನ್ನು ಸವೆದುಹೋಗುತ್ತದಾ?

ಅಕ್ಕ


೧೪ ಜೂನ್

ಅಕ್ಕ,

ಈ ಕಾಗದವನ್ನು ಎಷ್ಟೋ ಸಲ ಶುರು ಮಾಡಿ ಬಿಟ್ಟಿದ್ದೇನೆ. ಸುತ್ತಿ ಬಳಸಿ ಹೇಳಲು ನೋಡಿದೆ, ಆಗಲಿಲ್ಲ. ನೀನು ನೀರು ಬಿಟ್ಟ ಆ ಸೌದೆ ಕಡ್ಡಿ ನಾನೇ.

ಹೋದ ಸೆಪ್ಟೆಂಬರಿನಲ್ಲಿ ನಮ್ಮ ಶಾಖೆ ಮುಚ್ಚಿತು. ಬೇರೆಯವರಿಗೆಲ್ಲ ‘ಎದೆಗುಂದಬೇಡಿ’ ಅಂತ ಮ್ಯಾನೇಜರನಾಗಿ ಭಾಷಣ ಮಾಡಿ ಕಳುಹಿಸಿದೆ. ಮನೆಗೆ ಬಂದು ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳೋಣ ಅಂತ ಬೆಳಗ್ಗೆ ಎಂದಿನಂತೆ ಶೂ ಹಾಕಿಕೊಂಡು ಹೊರಟೆ. ಆ ನಾಳೆ ಇನ್ನೂ ಬಂದಿಲ್ಲ. ದಿನಾ ಊಟದ ಡಬ್ಬಿ ತೆಗೆದುಕೊಂಡು ಹೋಗಿ ಪಾರ್ಕಿನಲ್ಲಿ ಕೂರುತ್ತೇನೆ. ಕೆಲಸ ಕೇಳಿದ ಕಡೆಯಲ್ಲೆಲ್ಲ ನನ್ನ ವಯಸ್ಸು ನೋಡಿ ಕುರ್ಚಿ ಕೊಡುತ್ತಾರೆ, ಕೆಲಸ ಕೊಡುವುದಿಲ್ಲ. ಆಫೀಸಿನವರು ಕೊನೆಗೆ ಕೊಟ್ಟ ಹಣವನ್ನೇ ಸಂಬಳ ಅಂತ ಅವಳ ಕೈಗಿಡುತ್ತಿದ್ದೇನೆ. ಅದೂ ವರ್ಷದ ಕೊನೆಯತನಕ ಬರುವುದಿಲ್ಲ. ಅಷ್ಟರಲ್ಲಿ ಅವಳಿಗೆ ನಾನೇ ಹೇಳದೆ, ಬೇರೆ ಯಾರಿಂದಲೋ ಗೊತ್ತಾದರೆ ಅವಳು ನನ್ನ ಮುಖ ನೋಡುವುದಿಲ್ಲ.

ಒಬ್ಬನೇ ಹೇಳಲಾರೆ ಅನ್ನಿಸಿತು. ಚಿಕ್ಕಂದಿನಲ್ಲಿ ನಾನು ಏನು ಮಾಡಿಕೊಂಡು ಬಂದರೂ ಅಮ್ಮನಿಗೆ ನನ್ನ ಪರವಾಗಿ ನೀನೇ ತಾನೆ ಹೇಳುತ್ತಿದ್ದದ್ದು? ನೀನು ಪಕ್ಕದಲ್ಲಿ ಕೂತರೆ ಅವಳಿಗೂ ಹೇಳಿಬಿಡುತ್ತೇನೆ ಅಂತ ಮೊದಲ ಬಸ್ಸು ಹಿಡಿದು ಬಂದೆ. ಮನೆಗೆ ಬೀಗವಿತ್ತು, ನೀನು ಆಗಲೇ ಕೆಲಸಕ್ಕೆ ಹೋಗಿದ್ದೆ. ಪಾರ್ಕಿಗೇ ಬಂದೆ. ನೀನು ಕಟಿಂಗ್ ಶಾಪಿನ ಮುಂದೆ ನಿಂತು ಜೋರಾಗಿ ಮಾತಾಡುತ್ತಿದ್ದೆ, ನಿನಗೆ ಕಿವಿ ಕೇಳದಿರುವುದರಿಂದ ನಿನ್ನ ಮಾತು ಬೀದಿಗೆಲ್ಲ ಕೇಳುತ್ತದೆ. ‘ನನ್ನ ತಮ್ಮನ ಕೈಕೆಳಗೆ ಎಷ್ಟು ಜನ ಗೊತ್ತಾ?’ ಅಂತಿದ್ದೆ. ಹತ್ತಿರ ಬರಲು ಕಾಲು ಏಳಲಿಲ್ಲ. ಸ್ವಲ್ಪ ಹೊತ್ತು ಕಣ್ಣು ಮುಚ್ಚೋಣ ಅಂತ ಮಲಗಿದೆ. ರಾತ್ರಿಯೆಲ್ಲ ನಿದ್ದೆ ಇರಲಿಲ್ಲ.

ಪೇಪರು ತೆಗೆದಿದ್ದರೆ ನೀನು ಗುರುತು ಹಿಡಿಯುತ್ತಿದ್ದೆ. ಅಂಗಡಿಯವರೂ ನೋಡುತ್ತಿದ್ದರು. ಅಷ್ಟು ಜನರ ಎದುರಿಗೆ ನಿನ್ನ ಮಾನ ಹೋಗುವುದು ಬೇಡ ಅನ್ನಿಸಿತು, ಅದಕ್ಕೇ ಓಡಿದೆ.

ನಿನ್ನ ಮೇಲೆ ಕೋಪವಿಲ್ಲ. ಉತ್ತರವನ್ನು ಮನೆಗೆ ಹಾಕಬೇಡ. ಇಲ್ಲಿ ಪಾರ್ಕಿನ ಎದುರು ಹಳೆ ಪುಸ್ತಕದ ಅಂಗಡಿ ಇದೆ, ಅವನ ವಿಳಾಸ ಕೆಳಗೆ ಬರೆದಿದ್ದೇನೆ.

ನಿನ್ನ ತಮ್ಮ


೧೭ ಜೂನ್

ಗುಂಡಣ್ಣ,

ಮುಖ ಯಾಕೆ ತೋರಿಸಲಿಲ್ಲ? ನನಗೇನು ಕನಸು ಬೀಳುತ್ತದಾ? ಒಂದು ಕಾಗದ ಬರೆದು ಬರಬಾರದಿತ್ತಾ? ಹುಲ್ಲಿನ ಮೇಲೆ ಮಲಗಬಾರದು ಅಂತ ಬೋರ್ಡು ಇದೆ, ನಿನಗೆ ಓದಲು ಬರುವುದಿಲ್ಲವಾ? ಹೆಂಡತಿಯ ಹತ್ತಿರ ಸುಳ್ಳು ಹೇಳಿಕೊಂಡು ತಿರುಗುವವನು ನೀನು, ತಪ್ಪು ಮಾತ್ರ ನನ್ನದಾ? ನಾನು ನನ್ನ ಕೆಲಸ ಮಾಡಿದೆ, ಅಷ್ಟೆ.

ಅಕ್ಕ


೯ ಜುಲೈ

ಗುಂಡಣ್ಣ,

ಹೋದ ಕಾಗದ ಹರಿದುಹಾಕು. ಪೋಸ್ಟ್ ಡಬ್ಬಿಗೆ ಹಾಕಿದ ಕೂಡಲೇ ಕೈ ಒಳಗೆ ತೂರಿಸಿ ತೆಗೆಯಲು ನೋಡಿದೆ. ದಾರಿಯಲ್ಲಿ ಹೋಗುವವರು ಮುದುಕಿ ಕಾಗದ ಕದಿಯುತ್ತಿದ್ದಾಳೆ ಅಂದುಕೊಂಡಿರಬೇಕು.

ನಾಚಿಕೆಯಾಗುತ್ತಿದೆ ಕಣೋ. ಅನ್ನ ಬಾಯಿಗಿಟ್ಟರೆ ‘ಹೋಗಿ ಕೆಲಸ ಹುಡುಕ್ಕೋ’ ಅಂತ ನನ್ನದೇ ಗಂಟಲು ಕೇಳುತ್ತದೆ. ಫೋನಿನಲ್ಲಿ ಏನೂ ಕೇಳಿಸದ ಕಿವಿಗೆ ಇದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ನಿನ್ನ ಹೊಟ್ಟೆಗೆ ನೀರು ಬಿಟ್ಟೆ. ನೀನು ಹುಟ್ಟಿದಾಗ ಅಮ್ಮನಿಗಿಂತ ಮೊದಲು ನಿನ್ನನ್ನು ಎತ್ತಿಕೊಂಡವಳು ನಾನು.

ಇದಕ್ಕಿಂತ ಕೆಟ್ಟ ವಿಷಯ ಇನ್ನೊಂದಿದೆ, ಅದನ್ನೂ ಬರೆದುಬಿಡುತ್ತೇನೆ. ಅವನು ನೀನಾಗಿದ್ದೆ ಅಂತ ನನಗೆ ನಾಚಿಕೆ. ನೀನಲ್ಲದೆ ಬೇರೆಯವನಾಗಿದ್ದರೆ ಈಗಲೂ ನಗುತ್ತಾ ಕೂತಿರುತ್ತಿದ್ದೆ. ಈ ಕೆಲವು ತಿಂಗಳಲ್ಲಿ ಎಷ್ಟು ಜನರ ಮೇಲೆ ನೀರು ಬಿಟ್ಟೆನೋ ನೆನಪಿಲ್ಲ. ಅವರೂ ಒಬ್ಬೊಬ್ಬರು ಯಾರ ಯಾರ ಹತ್ತಿರವೋ ಹೇಳಲಾಗದೆ ಬಂದು ಬಿದ್ದುಕೊಂಡಿದ್ದರೇನೋ. ಎಲ್ಲಿಗೆ ಹೋಗುತ್ತಾರೆ ಅಂತ ನೀನು ಕೇಳಿದ್ದೆ. ಆಗ ನಾನು ಆ ಸಾಲನ್ನು ಓದಿ ಮುಂದಕ್ಕೆ ಹೋಗಿಬಿಟ್ಟೆ.

ಈಗ ಪೈಪು ಮುಟ್ಟುವುದಿಲ್ಲ, ಚೊಂಬಿನಲ್ಲಿ ಗಿಡಕ್ಕಷ್ಟೇ ನೀರು ಹಾಕುತ್ತೇನೆ. ಸಂಘದವರು ಕೇಳಿದರೆ ಪೈಪು ತೂತಾಗಿದೆ ಅನ್ನುತ್ತೇನೆ. ನಿಜ ಹೇಳಬೇಕು ಅಂತ ನಿನ್ನೆ ಕಟಿಂಗ್ ಶಾಪಿಗೆ ಹೋದೆ. ‘ಅಕ್ಕಾ, ನಿಮ್ಮ ಮ್ಯಾನೇಜರ್ ತಮ್ಮ ಹೇಗಿದ್ದಾರೆ?’ ಅಂದ. ನಾನು ಏನೆಂದೆ ಗೊತ್ತಾ? ‘ಪ್ರಮೋಷನ್ ಆಯ್ತು’ ಅಂದೆ. ಬಾಯಿಂದ ತಾನಾಗಿ ಬಂದುಬಿಟ್ಟಿತು. ಅವನು ಖುಷಿಯಿಂದ ಟೀ ತರಿಸಿದ. ಆ ಟೀ ಕುಡಿದು ಬಂದೆ ನಾನು. ಥೂ!

ಬೈದಾದರೂ ಬರಿ.
ಅಕ್ಕ


೨ ಆಗಸ್ಟ್

ಅಕ್ಕ,

ಪ್ರಮೋಷನ್‌ಗೆ ಥ್ಯಾಂಕ್ಸ್. ನಿಜವಾದ ಆಫೀಸಿನಲ್ಲಿ ಅದಕ್ಕಾಗಿ ವರ್ಷಾನುಗಟ್ಟಲೆ ಕಾದಿದ್ದೆ, ನಿನ್ನ ಕಟಿಂಗ್ ಶಾಪಿನಲ್ಲಿ ಒಂದು ಟೀಗೆ ಸಿಕ್ಕಿತು. ಓದುತ್ತಾ ಗಟ್ಟಿಯಾಗಿ ನಕ್ಕೆ, ಪಕ್ಕದ ಬೆಂಚಿನವನು ಎದ್ದು ದೂರ ಹೋಗಿ ಕೂತ.

ನಿನ್ನನ್ನು ಬೈಯಲು ನನಗೆ ಯಾವ ಮುಖವಿದೆ? ನೀನು ಒಂದು ಸಲ ಹೇಳಿದ ಸುಳ್ಳನ್ನು ನಾನು ದಿನಾ ಬೆಳಗ್ಗೆ ಲೇಸು ಕಟ್ಟಿಕೊಂಡು ಹೇಳುತ್ತೇನೆ. ಹೆಂಡತಿ ಬಾಗಿಲಲ್ಲಿ ನಿಂತು ‘ಹುಷಾರು’ ಅನ್ನುತ್ತಾಳೆ. ಸಂಜೆ ಬಂದರೆ ‘ಸುಸ್ತಾಗಿದ್ದೀರ’ ಅಂತ ಅವಳೇ ಎದ್ದು ಟೀ ಮಾಡುತ್ತಾಳೆ, ಆ ಊದಿದ ಕಾಲಿನಲ್ಲಿ. ನಾನು ಕೂತು ಕುಡಿಯುತ್ತೇನೆ.

ಹನ್ನೊಂದನೇ ತಾರೀಕು, ಸೋಮವಾರ, ಮತ್ತೆ ಬರುತ್ತೇನೆ. ಪಾರ್ಕಿಗೇ ಬರುತ್ತೇನೆ. ನಿನ್ನ ಮನೆಗೆ ಕದ್ದು ಬಂದರೆ ಮತ್ತೆ ಅದೇ ಕಥೆಯಾಗುತ್ತದೆ. ಈ ಸಲ ಮಲಗುವುದಿಲ್ಲ, ಬೆಂಚಿನ ಮೇಲೆ ಕೂತಿರುತ್ತೇನೆ. ನೀನು ಬಂದು ಎಲ್ಲರ ಎದುರಿಗೆ ‘ಬಾರೋ ಗುಂಡಣ್ಣ’ ಅಂತ ಒಂದು ಮಾತು ಅಂದರೆ ಸಾಕು. ಅಷ್ಟಾದರೆ ನನಗೆ ಧೈರ್ಯ ಬರುತ್ತದೆ. ಆಮೇಲೆ ಇಬ್ಬರೂ ಒಟ್ಟಿಗೆ ಬಸ್ಸು ಹತ್ತಿ ಅವಳ ಹತ್ತಿರ ಹೋಗೋಣ.

ನಿನ್ನ ತಮ್ಮ


೧೮ ಆಗಸ್ಟ್

ಅಕ್ಕ,

ಬಂದಿದ್ದೆ. ನೀನು ನೋಡಿದೆ ಅಂತ ನನಗೆ ಗೊತ್ತು.

ನೀನು ಕಾರಂಜಿಯ ಹತ್ತಿರ ನಿಂತಿದ್ದೆ. ನಾನು ಕೈ ಎತ್ತಿದೆ. ನೀನೂ ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಕಟಿಂಗ್ ಶಾಪಿನವನು ಹೊರಗೆ ಬಂದು ಏನೋ ಅಂದ, ನೀನು ತಿರುಗಿ ಸಾಮಾನು ಇಡುವ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೀಗ ಹುಡುಕುತ್ತಿದ್ದಾಳೇನೋ, ಸೀರೆ ಸರಿಮಾಡಿಕೊಳ್ಳುತ್ತಿದ್ದಾಳೇನೋ, ಈಗ ಬರುತ್ತಾಳೆ ಅಂತ ಕಾದೆ. ಬ್ಯಾಂಕು ಮುಚ್ಚುವತನಕ ಕಾದೆ.

ಮಧ್ಯಾಹ್ನ ಆ ಕಟಿಂಗ್ ಶಾಪಿನವನೇ ನನ್ನ ಪಕ್ಕ ಬಂದು ಕೂತ. ಗಿರಾಕಿ ಇರಲಿಲ್ಲವಂತೆ. ‘ಯಾರಿಗಾದ್ರೂ ಕಾಯ್ತಿದ್ದೀರಾ ಸಾರ್?’ ಅಂದ. ಹೌದು ಅಂದೆ. ‘ಕೂತ್ಕೊಳ್ಳಿ, ಆರಾಮಾಗಿ ಕೂತ್ಕೊಳ್ಳಿ. ಮಲಗಬೇಡಿ ಅಷ್ಟೆ. ನಮ್ಮ ಡ್ರಿಲ್ ಅಕ್ಕ ಬಹಳ ಜೋರು’ ಅಂತ ನಕ್ಕು ನಿನ್ನ ಕಥೆಯನ್ನೆಲ್ಲ ಹೇಳಿದ. ಒದ್ದೆ ಪೇಪರಿನವನ ಕಥೆಯನ್ನು ಎದ್ದು ನಿಂತು ಅಭಿನಯ ಮಾಡಿ ತೋರಿಸಿದ. ಆಮೇಲೆ ನಿನ್ನ ತಮ್ಮನ ವಿಷಯ ಬಂತು. ‘ದೊಡ್ಡ ಹುದ್ದೆ ಸಾರ್. ಆದ್ರೂ ಅಕ್ಕನ ಮೇಲೆ ಪ್ರಾಣ’ ಅಂದ. ‘ಅದೃಷ್ಟವಂತ’ ಅಂದೆ ನಾನು. ಬೇರೆ ಏನು ಹೇಳಲಿ?

ಅವನು ಒಳ್ಳೆಯವನು ಅಕ್ಕ. ನೀನು ಹೇಳಿದ್ದರೆ ಕೇಳುತ್ತಿದ್ದ.

ಬೇಜಾರಿಲ್ಲ ಅಂತ ಬರೆಯೋಣವೆಂದುಕೊಂಡೆ. ಸುಳ್ಳು ಹೇಳಿ ಹೇಳಿ ಸಾಕಾಗಿದೆ. ಬೇಜಾರಾಗಿದೆ. ಅವತ್ತು ನೀರು ಬಿದ್ದಾಗ ನೀನು ನನ್ನನ್ನು ನೋಡಿರಲಿಲ್ಲ. ಈ ಸಲ ನೋಡಿದೆ.

ಇನ್ನು ಬರುವುದಿಲ್ಲ.


೨೭ ಆಗಸ್ಟ್

ಗುಂಡಣ್ಣ,

ಈ ಕಾಗದ ಓದದೆ ಎಸೆಯಬೇಡ. ಎಸೆಯುವುದಾದರೂ ಓದಿ ಎಸೆ.

ನೋಡಿದೆ. ನೀನು ಕೈ ಎತ್ತಿದ್ದನ್ನೂ ನೋಡಿದೆ. ಎಷ್ಟು ಸಣ್ಣಗಾಗಿದ್ದೀಯೋ! ಓಡಿ ಬಂದು ಅಪ್ಪಿಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಕಟಿಂಗ್ ಶಾಪಿನವನು ‘ಅಕ್ಕಾ, ಅಲ್ಲೊಬ್ಬ ಬಂದು ಕೂತಿದ್ದಾನೆ, ನಿಗಾ ಇರಲಿ’ ಅಂದ. ನಾನು ‘ಸರಿ’ ಅಂದೆ. ಶೆಡ್ಡಿನೊಳಗೆ ಕತ್ತಿ, ಪೊರಕೆಗಳ ಮಧ್ಯೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದೆ. ಬಾಗಿಲ ಸಂದಿಯಿಂದ ನಿನ್ನ ಬೆನ್ನು ಕಾಣುತ್ತಿತ್ತು. ಒಂದೊಂದು ಸಲವೂ ‘ಈಗ ಏಳುತ್ತೇನೆ’ ಅಂದುಕೊಂಡೆ. ಸಾವಿರಾರು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ‘ಹೆದರಬೇಡಿ, ಮುಂದೆ ಬನ್ನಿ’ ಅಂತ ಕೂಗಿದ ಬಾಯಿ ಇದು. ನನಗೆ ಮುಂದೆ ಹೋಗಲು ಬರಲಿಲ್ಲ. ನೀನು ಬಸ್ಸು ಹತ್ತಿದ ಮೇಲೆ ಬಾಗಿಲು ತೆಗೆದೆ.

ನಿನ್ನ ಕಾಗದ ಬಂದ ದಿನ ಅದನ್ನು ಮಡಿಸಿ ಕೈಯಲ್ಲೇ ಹಿಡಿದುಕೊಂಡು ಕಟಿಂಗ್ ಶಾಪಿಗೆ ಹೋದೆ. ಒಬ್ಬ ಗಿರಾಕಿ ಕುರ್ಚಿಯಲ್ಲಿದ್ದ, ಇಬ್ಬರು ಕಾಯುತ್ತಿದ್ದರು, ಜೆರಾಕ್ಸ್ ಅಂಗಡಿಯವಳು ಚಿಲ್ಲರೆಗೆ ಬಂದಿದ್ದಳು. ‘ಅವತ್ತು ನೀರು ಬಿಟ್ಟೆನಲ್ಲ, ಅವನು ನನ್ನ ತಮ್ಮ’ ಅಂದೆ. ಅವನು ತಮಾಷೆ ಅಂದುಕೊಂಡು ಹಲ್ಲು ಬಿಟ್ಟ. ಮತ್ತೆ ಅಂದೆ. ‘ಸೋಮವಾರ ನೀನು ಪಕ್ಕದಲ್ಲಿ ಕೂತು ಮಾತಾಡಿಸಿದೆಯಲ್ಲ, ಅವನೂ ನನ್ನ ತಮ್ಮನೇ. ಪ್ರಮೋಷನ್ ಇಲ್ಲ, ಏನಿಲ್ಲ. ಕೆಲಸ ಹೋಗಿದೆ. ನಾನು ಶೆಡ್ಡಿನಲ್ಲಿ ಅಡಗಿ ಕೂತಿದ್ದೆ’ ಅಂದೆ. ನನ್ನ ದನಿ ಎಷ್ಟು ಜೋರಾಗಿತ್ತೋ, ಬಸ್ ಸ್ಟಾಪಿನವರೂ ತಿರುಗಿ ನೋಡಿದರು. ನೋಡಲಿ.

ಅವನು ಕತ್ತರಿ ಕೆಳಗಿಟ್ಟ. ‘ಅಯ್ಯೋ ಅಕ್ಕಾ, ನಾನು ಚಪ್ಪಾಳೆ ಹೊಡೆದೆನಲ್ಲ... ಅವರ ಮುಂದೇನೇ ಕುಣಿದು ತೋರಿಸಿದೆನಲ್ಲ’ ಅಂದ. ನಾನು ಬಹಳ ಹಗುರವಾಗುತ್ತೇನೆ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಸಂಘದವರಿಗೂ ಹೇಳಿದ್ದೇನೆ, ಮಲಗುವವರ ಮೇಲೆ ನೀರು ಬಿಡುವುದು ನನ್ನಿಂದ ಆಗದು ಅಂತ. ಅವರು ಇನ್ನೂ ಯೋಚಿಸುತ್ತಿದ್ದಾರೆ. ಕೆಲಸ ಹೋದರೆ ಹೋಗಲಿ.

ನೀನು ಇನ್ನು ಬರುವುದಿಲ್ಲ ಅಂದೆ. ಸರಿ, ನಾನೇ ಬರುತ್ತೇನೆ. ಭಾನುವಾರ ನಿನ್ನ ಹೆಂಡತಿಗೆ ಕ್ಲಿನಿಕ್ ರಜೆ ಇರುತ್ತದಲ್ಲ, ಅವತ್ತು ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಮೊದಲು ನಿನ್ನ ಪಾರ್ಕಿಗೆ ಬರುತ್ತೇನೆ. ನಿನಗೆ ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಬರಬೇಡ, ಅದು ನನಗೆ ಸಲ್ಲಬೇಕಾದದ್ದೇ. ನಾನು ಕಾಯುತ್ತೇನೆ. ಬಂದರೆ ಇಬ್ಬರೂ ನಿನ್ನ ಮನೆಗೆ ಹೋಗಿ ಅವಳ ಎದುರಿಗೆ ಕೂರೋಣ. ನೀನು ತಕ್ಷಣ ಬಾಯಿ ತೆಗೆಯಬೇಡ.

ನಾನು ಮಾಡಿದ್ದನ್ನು ಮೊದಲು ಹೇಳುತ್ತೇನೆ, ನೀರು ಬಿಟ್ಟದ್ದು, ನಕ್ಕದ್ದು, ಶೆಡ್ಡು, ಏನೂ ಬಿಡದೆ. ಅದನ್ನು ಕೇಳಿ ಅವಳು ನನ್ನ ಮೇಲೆ ಎಷ್ಟು ಬೇಕಾದರೂ ಕೂಗಾಡಲಿ. ಅಷ್ಟು ಕೂಗಾಡಿದ ಮೇಲೆ ನಿನ್ನದನ್ನು ಹೇಳು. ನಿನ್ನ ಮೇಲೆ ಕೂಗಲು ಅವಳ ಹತ್ತಿರ ಆಗ ಹೆಚ್ಚು ಉಳಿದಿರುವುದಿಲ್ಲ.

ಅಕ್ಕ